ಸೋಪಿಗೆ ಅಂಟಿದ ಕೂದಲು

2025ರ ಮಾರ್ಚ್ 4, ಮಂಗಳವಾರ. ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ.

ಸರಿಯಾಗಿ ಆ ಹೊತ್ತಿಗೆ ಲ್ಯಾಬ್ ಟೀಚರಳ ತೊಡೆಯ ಮೇಲೆ ಒಬ್ಬ ಅಪರಿಚಿತ ಗಂಡಸಿನ ಪಾದ ಬಂದು ಕೂತಿತು.

ಛೀ!

ಹಿಮ್ಮಡಿಯ ಬಿರುಕುಗಳಲ್ಲಿ ಬಿಳಿ ಹಿಟ್ಟು ಮೆತ್ತಿಕೊಂಡು ಗಟ್ಟಿಯಾಗಿತ್ತು. ಬೆರಳ ಸಂದಿಯಲ್ಲಿ ಕಾಲುಚೀಲದ ಕಪ್ಪು ನೂಲು. ಉಗುರುಗಳಿಗೆ ಮುಗ್ಗಿದ ಬೆಣ್ಣೆಯ ಬಣ್ಣ. ಹುದುಗು ಬಂದ ಹಿಟ್ಟಿನ ಹುಳಿ ವಾಸನೆ ಗಪ್ಪೆಂದು ಮೂಗಿಗೆ ಬಡಿದದ್ದೇ ತಡ, ಬೆಳಿಗ್ಗೆ ಕುಡಿದ ಸಪ್ಪೆ ಚಹಾ ಗಂಟಲಿಗೆ ವಾಪಸು ಬಂತು.

“ಹೆದರ್ಬೇಡಿ ಟೀಚರ್, ಕಚ್ಚಲ್ಲ ಅದು,” ಎಂದ ಪಾದದ ಯಜಮಾನ.

ಅವಳು ನಗಲಿಲ್ಲ. ಎರಡು ಬೆರಳಿನಲ್ಲಿ, ಸತ್ತ ಇಲಿಯನ್ನು ಎತ್ತುವ ಹಾಗೆ, ಅವನ ಹೆಬ್ಬೆರಳನ್ನು ಹಿಡಿದಳು.

ಆ ಚಿಕಿತ್ಸಾಲಯದ ಪದ್ಧತಿಯೇ ಹಾಗಿತ್ತು. ಸಕ್ಕರೆ ಕಾಯಿಲೆಯ ಹಿರಿಯರಿಗೆ ಪ್ರತಿ ಮಂಗಳವಾರ ಒಂದು ತರಗತಿ. ವಯಸ್ಸಾದ ಮೇಲೆ ಬಗ್ಗಿ ಸ್ವಂತ ಅಂಗಾಲು ನೋಡಿಕೊಳ್ಳಲು ಯಾರಿಗೆ ತಾನೆ ಆಗುತ್ತದೆ? ಅದೂ ಅಲ್ಲದೆ ಈ ಕಾಯಿಲೆಯಲ್ಲಿ ಪಾದ ಜೋಮು ಹಿಡಿದರೆ ಗಾಯವಾದದ್ದೂ ಗೊತ್ತಾಗುವುದಿಲ್ಲ. ಹಾಗಾಗಿ ಅಲ್ಲಿನ ನರ್ಸು, ಎಲ್ಲರ ಬಾಯಲ್ಲಿ ‘ಸಿಸ್ಟರ್’, ಬಂದವರನ್ನು ಜೋಡಿ ಮಾಡುತ್ತಿದ್ದಳು. ಒಬ್ಬರ ಅಂಗಾಲನ್ನು ಇನ್ನೊಬ್ಬರು ನೋಡಬೇಕು. ಒಬ್ಬರ ಬೆರಳನ್ನು ಇನ್ನೊಬ್ಬರು ಚುಚ್ಚಿ, ತಿಂಡಿ ತಿಂದ ಎರಡು ಗಂಟೆಯ ನಂತರದ ಸಕ್ಕರೆ ಎಷ್ಟಿದೆ ಎಂದು ಮೀಟರಿನಲ್ಲಿ ಅಳೆಯಬೇಕು. ಎಪ್ಪತ್ತರಿಂದ ನೂರ ಎಂಬತ್ತರೊಳಗಿದ್ದರೆ ಸರಿ.

ಟೀಚರಳಿಗೆ ಅರವತ್ತಮೂರು. ಮೂವತ್ತೈದು ವರ್ಷ ಕಾಲೇಜಿನ ಪ್ರಯೋಗಾಲಯದಲ್ಲಿ ಗಾಜಿನ ನಳಿಕೆಗಳ ನಡುವೆ ಬದುಕಿದವಳು. ಮದುವೆಯಾಗಲಿಲ್ಲ. ಕಾಯಿಲೆ ಇದೆ ಎಂದು ತಿಳಿದು ಎರಡು ತಿಂಗಳಾಗಿತ್ತು.

ಜೋಡಿಯಾಗಿ ಸಿಕ್ಕವನಿಗೆ ಅರವತ್ತಾರು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಎದುರು ರಸ್ತೆಯ ತಿರುವಿನಲ್ಲಿ ಅವನದೊಂದು ಬೇಕರಿ. ಹುಬ್ಬಿನ ಮೇಲೆ ಸದಾ ಬಿಳಿ ಪುಡಿ ಇರುತ್ತಿದ್ದುದರಿಂದ ಓಣಿಯ ಮಕ್ಕಳು ಇಟ್ಟ ಹೆಸರು ಹಿಟ್ಟಪ್ಪ. ಆ ಹೆಸರೇ ನಿಂತುಹೋಗಿತ್ತು.

‘ಬೇಕರಿಯವನಿಗೆ ಸಕ್ಕರೆ ಕಾಯಿಲೆ! ಬೆಕ್ಕಿಗೆ ಹಾಲಿನ ಪಥ್ಯ ಹೇಳಿದ ಹಾಗೆ...’ ಎಂದುಕೊಳ್ಳುತ್ತಾ ಅವಳು ಅಂಗಾಲನ್ನು ಬೆಳಕಿಗೆ ತಿರುಗಿಸಿದಳು.



ಹಿಮ್ಮಡಿಯಲ್ಲಿ ಒಂದು ಸ್ಟೇಪಲ್ ಪಿನ್ನು ಪೂರ್ತಿ ಇಳಿದು ಕೂತಿತ್ತು. ಸುತ್ತ ಕೆಂಪಗೆ ಊದಿಕೊಂಡಿತ್ತು.

“ಇದು... ನೋವಾಗ್ತಿಲ್ವಾ?”

“ಯಾವುದು?”

“ಪಿನ್ನು ಚುಚ್ಚಿದೆ ರೀ!”

“ಎಲ್ಲಿ?” ಅವನು ಕತ್ತು ಉದ್ದ ಮಾಡಿ ನೋಡಲು ಹೋದ, ಹೊಟ್ಟೆ ಅಡ್ಡ ಬಂತು. “ಕೇಕಿನ ಡಬ್ಬಕ್ಕೆ ಹೊಡೆಯೋ ಪಿನ್ನಿರ್ಬೇಕು. ಗೊತ್ತೇ ಆಗ್ಲಿಲ್ಲ ನೋಡಿ...”

ಅವನ ಮುಖದ ನಗು ಮೆಲ್ಲಗೆ ಆರಿತು. ಆ ಕ್ಷಣ ಅವನಿಗಿಂತ ಹೆಚ್ಚು ಹೆದರಿದ್ದು ಅವಳು.

ಅಮ್ಮನ ಪಾದ... ದಿಂಬಿನ ಕೆಳಗೆ ಸಕ್ಕರೆ ಚೂರು ಬಚ್ಚಿಟ್ಟುಕೊಂಡು, ‘ಇಲ್ಲ ಕಣೆ, ಬರೀ ಬಾಯಲ್ಲಿಟ್ಕೊಂಡಿದ್ದೆ’ ಎಂದು ಸುಳ್ಳು ಹೇಳುತ್ತಲೇ ಕಾಲು ಕಳೆದುಕೊಂಡ ಅಮ್ಮ. ಹಳದಿ ಕೀವು, ಹಸಿರುಗಟ್ಟಿದ ಪಟ್ಟಿ, ಎಷ್ಟು ತೊಳೆದರೂ ಕೈಯಿಂದ ಹೋಗದ ಆ ವಾಸನೆ. ಅಮ್ಮ ಹೋದರೂ ಆ ವಾಸನೆ ಮಾತ್ರ ಮೂಗಿನಲ್ಲೇ ಮನೆ ಮಾಡಿತ್ತು. ಅಂದಿನಿಂದ ಅವಳಿಗೆ ಎಲ್ಲದರ ಮೇಲೂ ಹೇಸಿಗೆ. ಬಸ್ಸಿನ ಕಂಬಿ, ಹೋಟೆಲಿನ ಚಮಚ, ಬೇರೆಯವರು ಕೂತೆದ್ದ ಕುರ್ಚಿಯ ಬಿಸಿ... ಎಲ್ಲದರ ಮೇಲೂ!

ಸಿಸ್ಟರ್ ಬಂದು ಚಿಮಟಿಗೆಯಿಂದ ಪಿನ್ನು ಕಿತ್ತು, ಔಷಧಿ ಹಚ್ಚಿದಳು.

“ಸರಿಯಾದ ಜೋಡಿ ಹಾಕಿದೀನಿ ಬಿಡಿ,” ಎಂದು ನಕ್ಕಳು. “ಇನ್ನು ಬೆರಳು ಚುಚ್ಚೋ ಕೆಲಸ. ಮೊದಲು ಸಿಂಕಲ್ಲಿ ಸೋಪು ಹಾಕಿ ಕೈ ತೊಳ್ಕೊಳಿ, ಆಯ್ತಾ?” ಎಂದವಳೇ ಇನ್ನೊಂದು ಜೋಡಿಯತ್ತ ಓಡಿದಳು.

ಟೀಚರ್ ಸಿಂಕಿನ ಬಳಿ ಹೋದಳು. ನೋಡಿದಳು. ಕೈ ಹಿಂದೆಗೆದಳು.

ಹಳದಿ ಸೋಪಿನ ಒಂದು ತುಂಡು. ಯಾರ್ಯಾರದೋ ಕೈಯ ನೊರೆ ಅದರ ಮೇಲೆ ಒಣಗಿ ಬಿರುಕು ಬಿಟ್ಟಿತ್ತು. ನಡುವೆ ಒಂದು ಉದ್ದನೆಯ ಬಿಳಿ ಕೂದಲು ಸುರುಳಿ ಸುತ್ತಿಕೊಂಡು ಅಂಟಿತ್ತು. ಕೆಳಗೆ ಲೋಳೆ ನೀರು.

“ಇದನ್ನ ಮುಟ್ಟೋದಾ? ಸತ್ರೂ ಇಲ್ಲ!”

ಅವಳ ಕೈಚೀಲದಲ್ಲಿ ಸದಾ ಒಂದು ಸ್ಪಿರಿಟ್ ಬಾಟಲಿ ಇರುತ್ತಿತ್ತು. ಹತ್ತಿಯನ್ನು ಅದರಲ್ಲಿ ಅದ್ದಿ ಅವನ ಕಡೆ ಚಾಚಿದಳು.

“ತಗೊಳ್ಳಿ, ಬೆರಳು ಒರೆಸ್ಕೊಳಿ. ಆ ಸೋಪಿಗಿಂತ ಇದು ಸಾವಿರ ಪಾಲು ಕ್ಲೀನು.”

“ಸಿಸ್ಟರ್ ಸೋಪು ಅಂದ್ರಲ್ಲಾ...”

“ಮೂವತ್ತೈದು ವರ್ಷ ಲ್ಯಾಬಲ್ಲಿದ್ದೋಳು ಹೇಳ್ತಿದೀನಿ.”

“ಹಂಗಾದ್ರೆ ಮುಗೀತು,” ಎಂದು ಅವನು ಶಿಸ್ತಿನ ವಿದ್ಯಾರ್ಥಿಯಂತೆ ತೋರುಬೆರಳು ಒರೆಸಿಕೊಂಡ. ಬೇಕರಿಯಲ್ಲಿ ಕೇಕುಗಳ ಮೇಲೆ ನುಣುಪು ಸಕ್ಕರೆ ಪುಡಿ ಉದುರಿಸಿ ಮುಗಿಸಿ, ನೇರ ಇಲ್ಲಿಗೇ ಬಂದಿದ್ದ. ಹುಬ್ಬಿನ ಮೇಲೆ ಇನ್ನೂ ಅದರ ಬಿಳುಪಿತ್ತು.

ಮೀಟರು 246 ತೋರಿಸಿತು.

“ಬೆಳಿಗ್ಗೆ ಏನು ತಿಂದ್ರಿ?”

“ಎರಡು ಮೊಟ್ಟೆ, ಒಂದು ಚೂರು ಬ್ರೆಡ್ಡು, ಒಂದಿಷ್ಟು ಸೌತೆಕಾಯಿ.”

‘ಸುಳ್ಳು,’ ಎಂದಿತು ಅವಳ ಮನಸ್ಸು. ಅಷ್ಟಕ್ಕೆ ಅಷ್ಟು ಬರುತ್ತದೆಯೇ?

ಆಮೇಲೆ ಅವಳ ಸರದಿ. ಅವನು ಅವಳ ಪಾದವನ್ನು ಎರಡೂ ಅಂಗೈಯಲ್ಲಿ ಎತ್ತಿಕೊಂಡ. ಕಣಕ ನಾದಿ ನಾದಿ ಮೆದುವಾದ ಕೈ. ಬೆರಳು ಬೆರಳನ್ನೂ ಬಿಡಿಸಿ ನೋಡಿ, “ಚೆನ್ನಾಗಿವೆ ಟೀಚರ್. ಆದ್ರೆ ಈ ಚಪ್ಪಲಿ ಕಿರುಬೆರಳನ್ನ ಹಿಂಡ್ತಿದೆ, ನೋಡಿ, ಇಲ್ಲಿ ಕೆಂಪಗಾಗಿದೆ. ಬಿಸಾಕಿ ಇದನ್ನ,” ಎಂದ.

ಅವಳ ಪಾದವನ್ನು ಇಷ್ಟು ಗಮನವಿಟ್ಟು ಯಾರೂ ನೋಡಿರಲಿಲ್ಲ. ಅವಳೂ ನೋಡಿರಲಿಲ್ಲ.

ಮೈಯೆಲ್ಲ ಜುಮ್ಮೆಂದಿತು. ಹೇಸಿಗೆಯೇ ಇರಬೇಕು... ಎಂದುಕೊಂಡಳು.

* * *

ಮುಂದಿನ ಮಂಗಳವಾರ ಸಿಸ್ಟರ್ ಊಟದ ತಟ್ಟೆಯ ಪಾಠ ಮಾಡಿದಳು. ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಬೇಳೆಯೋ ಮೊಟ್ಟೆಯೋ ಮೀನೋ, ಉಳಿದ ಕಾಲು ಭಾಗ ಅನ್ನವೋ ಬ್ರೆಡ್ಡೋ. ತಿಂದ ಮೇಲೆ ಕೂರದೆ ಒಂದು ಸುತ್ತು ನಡಿಗೆ.

“ಟೀಚರ್, ನೀವು ಏನು ತಿಂತೀರಿ?”

“ಬೇಯಿಸಿದ ಸೋರೆಕಾಯಿ. ಉಪ್ಪಿಲ್ಲದ್ದು. ಎರಡು ಹೊತ್ತೂ.”

ಹಿಟ್ಟಪ್ಪನಿಗೆ ನಗು ತಡೆಯಲಾಗಲಿಲ್ಲ. “ಅದು ಊಟ ಅಲ್ಲ ಟೀಚರ್, ಶಿಕ್ಷೆ! ಜೈಲಲ್ಲಿ ಕೊಟ್ಟಿದ್ರೆ ಕೈದಿಗಳು ಗಲಾಟೆ ಮಾಡ್ತಿದ್ರು.”

“ನಾಲಿಗೆ ಚಪಲಕ್ಕೆ ಕಾಲು ಕಳ್ಕೊಳೋದಕ್ಕಿಂತ ಶಿಕ್ಷೆ ವಾಸಿ!”

“ತಡೀರಿ, ಇಬ್ರದ್ದೂ ಅತಿಯಾಯ್ತು,” ಎಂದಳು ಸಿಸ್ಟರ್. “ಟೀಚರ್, ಈ ವಯಸ್ಸಲ್ಲಿ ಹಾಗೆ ಉಪವಾಸ ಬಿದ್ರೆ ಮಾಂಸಖಂಡ ಕರಗುತ್ತೆ. ಕಾಲಲ್ಲಿ ಬಲ ಇರಲ್ಲ, ಬಿದ್ರೆ ಮೂಳೆ ಮುರಿಯುತ್ತೆ. ಸಕ್ಕರೆ ಏರೋದು ಎಷ್ಟು ಕೆಟ್ಟದ್ದೋ, ಕೆಳಗೆ ಬೀಳೋದೂ ಅಷ್ಟೇ ಕೆಟ್ಟದ್ದು. ನೆನಪಿರ್ಲಿ.”

ಸೋರೆಕಾಯಿ ಅವಳಿಗೂ ಅಸಹ್ಯವೇ. ಲೋಳೆ ಲೋಳೆಯಾಗಿ ಗಂಟಲಲ್ಲಿ ಜಾರುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಆದರೆ ಅದನ್ನು ಯಾರಿಗೆ ಹೇಳುವುದು?

ಅಂದು ತರಗತಿ ಮುಗಿದ ಮೇಲೆ ಹಿಟ್ಟಪ್ಪ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ಕೊಟ್ಟ.

“ತೌಡು, ಕುಂಬಳದ ಬೀಜ, ಅಗಸೆ ಹಾಕಿದ ಬ್ರೆಡ್ಡು. ಸಕ್ಕರೆ ಸೋಂಕಿಲ್ಲ. ಒಂದು ಚೂರು ತಿನ್ನಿ, ಜತೆಗೆ ಎರಡು ಸೌಟು ಬೇಯಿಸಿದ ಕಾಳು. ಆಮೇಲೆ ಬೇಕಾದ್ರೆ ನನ್ನ ಬೈರಿ.”

ಅವಳು ಮನೆಗೆ ಹೋಗಿ, ವಾಸನೆ ನೋಡಿ, ಮೂಲೆ ಮುರಿದು ಬಾಯಿಗಿಟ್ಟಳು. ಗರಿಗರಿ ಬೀಜ... ಹದವಾದ ಹುಳಿ... ಬಾಯಿಗೆ ರುಚಿ ಅಂತ ಒಂದಿದೆ ಎಂಬುದೇ ಅವಳಿಗೆ ಮರೆತುಹೋಗಿತ್ತು! ತಿಂದು ಎರಡು ಗಂಟೆ ಬಿಟ್ಟು ಪರೀಕ್ಷಿಸಿಕೊಂಡಳು. ಏರಿರಲಿಲ್ಲ.

ಆಮೇಲೆ ಪ್ರತಿದಿನ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಉದ್ಯಾನವನದ ಸುತ್ತ ನಡೆಯತೊಡಗಿದರು. ಅವನ ಮಾತು ನೀರು ಕುಡಿದಷ್ಟು ಸಲೀಸು. ಹೆಂಡತಿಯ ಬಗ್ಗೆ ಹೇಳುತ್ತಿದ್ದ, ಅಂಗಡಿ ನೋಡಿಕೊಳ್ಳುವ ಮಗಳ ಸಿಡುಕಿನ ಬಗ್ಗೆ ಹೇಳುತ್ತಿದ್ದ. ಕೆಲವೊಮ್ಮೆ ನಗುವಾಗ ಅವನ ಹುಬ್ಬಿನಿಂದ ಪುಡಿ ಉದುರುತ್ತಿತ್ತು. ಮೊದಮೊದಲು ಅವಳು ದೂರ ಸರಿಯುತ್ತಿದ್ದಳು. ಆಮೇಲೆ ಸರಿಯುವುದು ಮರೆತುಹೋಯಿತು.

ಒಂದೇ ಒಂದು ಮುಳ್ಳು.

ಎರಡನೇ ಮಂಗಳವಾರವೂ ಅದೇ ಸ್ಪಿರಿಟ್ ಹತ್ತಿ, ಅವನ ಮೀಟರು 271. ಮೂರನೆಯದಕ್ಕೆ 288.

“ನನಗೂ ತಲೆಬುಡ ತಿಳೀತಿಲ್ಲ ಟೀಚರ್,” ಎನ್ನುತ್ತಿದ್ದ ಅವನು. “ಬಾಯಾರಿಕೆ ಇಲ್ಲ, ರಾತ್ರಿ ಬಚ್ಚಲಿಗೆ ಏಳೋದು ನಿಂತಿದೆ, ಹಿಮ್ಮಡಿ ಗಾಯ ಒಣಗಿದೆ. ಮೈ ಹಗುರ ಅನ್ಸುತ್ತೆ. ಮೀಟರ್ ಮಾತ್ರ ಹಿಂಗನ್ನುತ್ತೆ!”

ಮೀಟರ್ ಯಾಕೆ ಸುಳ್ಳು ಹೇಳುತ್ತದೆ? ಸುಳ್ಳು ಹೇಳುವುದು ಮನುಷ್ಯರು. ಅವಳ ಎದೆಯಲ್ಲಿ ಅಮ್ಮನ ದಿಂಬು ಅಲುಗಾಡಿತು.

ನಾಲ್ಕನೇ ಮಂಗಳವಾರ, 312.

ವೈದ್ಯರು ಹುಬ್ಬು ಗಂಟಿಕ್ಕಿದರು. ಮೂರು ತಿಂಗಳ ಸರಾಸರಿ ತಿಳಿಯುವ ರಕ್ತಪರೀಕ್ಷೆಗೆ ಬರೆದುಕೊಟ್ಟರು. “ಅದರ ಫಲಿತಾಂಶ ಮುಂದಿನ ವಾರ. ಆದ್ರೆ ಇಷ್ಟು ಏರಿರೋವಾಗ ಕಾಯೋ ಹಾಗಿಲ್ಲ,” ಎಂದು ಬೆಳಿಗ್ಗೆಗೊಂದು, ಸಂಜೆಗೊಂದು ಜೋರು ಮಾತ್ರೆ ಸೇರಿಸಿದರು.

ಹಿಟ್ಟಪ್ಪ ತಲೆ ತಗ್ಗಿಸಿ ಕೂತಿದ್ದ. ಪಾಪ ಅನ್ನಿಸಿತು ಅವಳಿಗೆ. ಅಂದು ಸಂಜೆ ಅಂಗಡಿಗೆ ಹೋಗಿ ಬಿಗಿಯಿಲ್ಲದ ಒಂದು ಜೊತೆ ಮೆತ್ತನೆ ಕಾಲುಚೀಲ ಕೊಂಡಳು. ಅವನಿಗೆ ಕೊಡಬೇಕೆಂದು ಬೇಕರಿಯತ್ತ ಹೆಜ್ಜೆ ಹಾಕಿದಳು. ಹೆಜ್ಜೆಯಲ್ಲಿ ಹದಿನಾರರ ಹುರುಪು!

ಬೇಕರಿಯ ಗಾಜಿನಾಚೆ ಅವನು ಕಂಡ.

ಚಮಚದ ತುಂಬ ಬಿಳಿ ಕ್ರೀಮು. ಅವನು ಕಣ್ಣು ಮುಚ್ಚಿ ಅದನ್ನು ಬಾಯಿಗಿಟ್ಟುಕೊಂಡ.

ಅವಳು ಬಾಗಿಲು ದೂಡಿಕೊಂಡು ಒಳಗೆ ನುಗ್ಗಿದಳು. ಅವಳನ್ನು ಕಂಡು ಗಾಬರಿಯಾದ ಅವನು ಪಕ್ಕದಲ್ಲಿದ್ದ ಮಗ್ಗಿಗೆ ಪುಚಕ್ಕನೆ ಉಗಿದ.

ಮಗ್ಗಿನೊಳಗೆ ಎಂಜಲು, ಕರಗಿದ ಕ್ರೀಮು, ಮೇಲೆ ತೇಲುವ ಜಿಡ್ಡು...

“ಥೂ! ಏನ್ರೀ ಅದು?”

“ಟೀಚರ್... ಕ್ರೀಮು ಹುಳಿ ತಿರುಗಿದ್ಯಾ ಅಂತ ನಾಲಿಗೆ ಮೇಲಿಟ್ಟು ನೋಡ್ಲೇಬೇಕು. ನಮ್ಮ ಕಸುಬೇ ಅದು. ನುಂಗಲ್ಲ, ಉಗಿದು ಬಾಯಿ ಮುಕ್ಕಳಿಸ್ತೀನಿ. ಕಾಯಿಲೆ ಅಂತ ಗೊತ್ತಾದಾಗಿಂದ ಹಿಂಗೇನೆ.”

“ಉಗಿದವರಿಗೆ ಮುನ್ನೂರ ಹನ್ನೆರಡು ಬರುತ್ತಾ?”

“ಅದೇ ನನಗೂ...”

“ಸಾಕು! ನಮ್ಮಮ್ಮನೂ ಹಿಂಗೇ ಹೇಳ್ತಿದ್ರು. ‘ಬರೀ ಬಾಯಲ್ಲಿಟ್ಕೊಂಡಿದ್ದೆ ಕಣೆ’ ಅಂತ. ಆ ಕಾಲಿಗೆ ಹುಳ ಬಿದ್ದಾಗ ತೊಳೆದೋಳು ನಾನು! ಇನ್ನೊಂದು ಕಾಲು ಕೊಳೆಯೋದನ್ನ ನೋಡೋಕೆ ನನ್ನಿಂದಾಗಲ್ಲ. ನಿಮ್ಮನ್ನ ನೋಡಿದ್ರೆ... ನಿಮ್ಮನ್ನ ನೋಡಿದ್ರೆ ನನಗೆ ಹೇಸಿಗೆ ಆಗುತ್ತೆ!”

 ಗಲ್ಲಾಪೆಟ್ಟಿಗೆಯ ಹಿಂದೆ ಅವನ ಮಗಳು ಕಲ್ಲಾಗಿ ನಿಂತಿದ್ದಳು.

ಹಿಟ್ಟಪ್ಪ ಮಗ್ಗನ್ನು ಕೆಳಗಿಟ್ಟು, ಏಪ್ರನ್ನಿಗೆ ಕೈ ಒರೆಸಿಕೊಂಡ.

“ನನ್ನ ಪಾದ ನೋಡಿ ಹೇಸಿಗೆ ಪಟ್ರಿ. ಬೇಜಾರಾಗ್ಲಿಲ್ಲ, ಅದು ಇರೋದೇ ಹಂಗೆ. ಆದ್ರೆ ನನ್ನ ಮಾತಿಗೆ ಹೇಸಿಗೆ ಪಟ್ರಲ್ಲ...” ಅವನು ಮಗ್ಗನ್ನು ಅವಳ ಕಣ್ಣಿಂದ ಮರೆಗೆ ಸರಿಸಿದ. “ನಾನು ಸುಳ್ಳು ಹೇಳಿಲ್ಲ ಟೀಚರ್. ಸಾಬೀತು ಮಾಡೋದು ಹೇಗೆ ಅಂತ ನನಗೆ ಗೊತ್ತಿಲ್ಲ. ಲ್ಯಾಬು ನಿಮ್ಮದು.”

ಕಾಲುಚೀಲದ ಪೊಟ್ಟಣ ಅವಳ ಕೈಯಲ್ಲೇ ಮುದುಡಿ ಮುದ್ದೆಯಾಯಿತು.

* * *

ಶನಿವಾರ ಬೆಳಿಗ್ಗೆ. ಅಡುಗೆಮನೆಯ ಮೇಜಿನ ಮುಂದೆ ಅವಳೊಬ್ಬಳೇ.

ಮೂರು ದಿನದಿಂದ ಮತ್ತೆ ಸೋರೆಕಾಯಿ. ಮೂರು ದಿನದಿಂದ ಮಧ್ಯಾಹ್ನದ ನಡಿಗೆ ಇಲ್ಲ. ಉದ್ಯಾನವನದ ಗೇಟಿನ ಕಡೆ ತಲೆಯೆತ್ತಿಯೂ ನೋಡಿರಲಿಲ್ಲ.

‘ಅವನ ಸಹವಾಸವೇ ಬೇಡ. ಸುಳ್ಳುಗಾರ. ಎಂಜಲು ಮಗ್ಗಿನವನು!’

ಹೀಗೆ ಬೈದುಕೊಳ್ಳುತ್ತಲೇ ಒಂದು ಕಿತ್ತಳೆ ಹಣ್ಣು ಸುಲಿದಳು. ಹಣ್ಣಿನ ರಸ ಬೆರಳಿಗೆ ಸಿಡಿಯಿತು. ತಿನ್ನುವ ಮೊದಲು ಖಾಲಿ ಹೊಟ್ಟೆಯ ಸಕ್ಕರೆ ನೋಡೋಣವೆಂದು ಎಂದಿನಂತೆ ಸ್ಪಿರಿಟ್ ಹತ್ತಿಯಿಂದ ಬೆರಳು ಒರೆಸಿ ಚುಚ್ಚಿದಳು.

274.

“ಏನು?!”

ಒಂದು ತೊಳೆಯನ್ನೂ ಬಾಯಿಗಿಟ್ಟಿರಲಿಲ್ಲ. ರಾತ್ರಿ ತಿಂದದ್ದು ಸೋರೆಕಾಯಿ. ಇದು ಹೇಗೆ ಸಾಧ್ಯ?

ಮೀಟರ್ ಕೆಟ್ಟಿತೇ? ಸಿಪ್ಪೆ ಮುಟ್ಟದ ಎಡಗೈಯ ಕಿರುಬೆರಳನ್ನು ಚುಚ್ಚಿದಳು. 118.

ಒಂದೇ ಮೈ, ಒಂದೇ ರಕ್ತ, ಒಂದೇ ನಿಮಿಷ. ಒಂದು ಕೈ 274, ಇನ್ನೊಂದು ಕೈ 118!

ಮೂವತ್ತೈದು ವರ್ಷದ ಪ್ರಯೋಗಾಲಯ ಅವಳ ತಲೆಯೊಳಗೆ ದೀಪ ಹೊತ್ತಿಸಿತು. ಮೊದಲಿನ ಬೆರಳನ್ನೇ ಮತ್ತೆ ಸ್ಪಿರಿಟ್ಟಿನಿಂದ ತಿಕ್ಕಿ ತಿಕ್ಕಿ ಒರೆಸಿ ನೋಡಿದಳು. 231. ಆಮೇಲೆ ನಲ್ಲಿಯ ಕೆಳಗೆ ಹಿಡಿದು, ಸೋಪು ಹಾಕಿ ತೊಳೆದು, ಒಣಗಿಸಿ, ಚುಚ್ಚಿದಳು.

119.

ಸ್ಪಿರಿಟ್ ಕ್ರಿಮಿಯನ್ನು ಕೊಲ್ಲುತ್ತದೆ. ಆದರೆ ಬೆರಳಿಗಂಟಿದ ಸಕ್ಕರೆ ಅದಕ್ಕೆ ಸರಿಯಾಗಿ ಕರಗುವುದಿಲ್ಲ. ಕರಗಿಸುವುದು ನೀರು. ಮೊದಲ ವರ್ಷದ ಹುಡುಗರಿಗೆ ಅವಳೇ ಎಷ್ಟು ಬಾರಿ ಹೇಳಿಕೊಟ್ಟಿರಲಿಲ್ಲ!

ಮುಂಜಾನೆಯಿಂದ ಕೇಕಿನ ಮೇಲೆ ಸಕ್ಕರೆ ಪುಡಿ ಉದುರಿಸಿ ಬರುವ ಬೆರಳು... ಆ ಬೆರಳನ್ನು ಸೋಪಿನಿಂದ ತಪ್ಪಿಸಿದವಳು...

‘ನಾನು.’

ಮೀಟರ್ ಅಳೆದದ್ದು ಅವನ ರಕ್ತವನ್ನಲ್ಲ, ಅವನ ಕಸುಬನ್ನು. ಸುಳ್ಳು ಹೇಳಿದ್ದು ಅವನ ಬಾಯಲ್ಲ, ನನ್ನ ಬಾಟಲಿ!

ಅವಳಿಗೆ ಹೇಸಿಗೆಯಾಯಿತು. ಈ ಬಾರಿ ಸೋಪಿನ ಮೇಲಲ್ಲ, ಪಾದದ ಮೇಲಲ್ಲ, ಮಗ್ಗಿನ ಮೇಲೂ ಅಲ್ಲ. ತನ್ನ ಮೇಲೆ. ಯಾವ ಸ್ಪಿರಿಟ್ಟಿಗೂ ಹೋಗದ ಹೇಸಿಗೆ.

ಮರುಕ್ಷಣವೇ ಇನ್ನೊಂದು ಯೋಚನೆ ಸಿಡಿಲಿನಂತೆ ಎರಗಿತು.

ಆ ಜೋರು ಮಾತ್ರೆ! ಏರದ ಸಕ್ಕರೆಯನ್ನು ಇಳಿಸಲು ಮಾತ್ರೆ!

ಮೀಟರನ್ನು ಚೀಲಕ್ಕೆ ಹಾಕಿಕೊಂಡವಳೇ ಓಡಿದಳು. ದಾರಿಯಲ್ಲೇ ಸಿಸ್ಟರಿಗೆ ಫೋನು ಮಾಡಿದಳು. ‘ಸಕ್ಕರೆ ಇಳಿದಿದ್ರೆ ಮೊದಲು ಸಿಹಿನೀರು ಕುಡಿಸಿ, ಆಮೇಲೆ ಇಲ್ಲಿಗೆ ಕರ್ಕೊಂಡು ಬನ್ನಿ,’ ಎಂದಳು ಸಿಸ್ಟರ್.

* * *

“ಬಂದ್ರಾ?” ಗಲ್ಲಾಪೆಟ್ಟಿಗೆಯ ಹಿಂದಿನಿಂದ ಮಗಳು ಸಿಡಿದಳು. “ಇನ್ನೇನು ಬಾಕಿ ಇದೆ ಬೈಯೋಕೆ? ನಿಮ್ಮ ಮಾತು ಕೇಳಿದ ಮೇಲೆ ಅಪ್ಪ ಊಟ ಅರ್ಧ ಮಾಡಿದಾರೆ. ಮಾತ್ರೆ ಮಾತ್ರ ಹೊತ್ತಿಗೆ ಸರಿಯಾಗಿ ನುಂಗ್ತಾರೆ. ಇವತ್ತು ಬೆಳಿಗ್ಗೆಯಿಂದ ಒಂದು ತುತ್ತೂ ತಿಂದಿಲ್ಲ. ಖುಷಿನಾ?”

“ಎಲ್ಲಿದಾರೆ?”

“ಒಳಗೆ. ಸುಸ್ತು ಅಂತ ಮಲಗಿದ್ರು...”

ಒಳಕೋಣೆಯಲ್ಲಿ ಹಿಟ್ಟಿನ ಚೀಲಗಳಿಗೆ ಒರಗಿ ಅವನು ಕೂತಿದ್ದ. ಅಂಗಿ ಬೆವರಿನಲ್ಲಿ ತೊಯ್ದು ಮೈಗಂಟಿತ್ತು. ಬೆವರು ಹಿಟ್ಟಿನೊಂದಿಗೆ ಸೇರಿ ಕುತ್ತಿಗೆಯಲ್ಲಿ ಅಂಟಾಗಿತ್ತು. ತುಟಿ ಬಿಳಿಚಿತ್ತು. ಕೈ ಗಡಗಡ ನಡುಗುತ್ತಿತ್ತು.

“ರೀ! ಕೇಳಿಸ್ತಿದ್ಯಾ? ನಾನು!”

ಅವನು ಕಷ್ಟಪಟ್ಟು ಕಣ್ಣು ತೆರೆದ. ನಾಲಿಗೆ ತೊದಲಿತು.

“ಪಿನ್ನು... ಸಿಕ್ತಾ ಟೀಚರ್?”



ಕೈ ಅಭ್ಯಾಸಬಲದಿಂದ ಸ್ಪಿರಿಟ್ ಬಾಟಲಿಯತ್ತ ಹೋಯಿತು. ಅಲ್ಲೇ ನಿಂತಿತು. ಮೂಲೆಯ ಸಿಂಕಿನಲ್ಲಿ ಸೋಪಿತ್ತು. ಕಣಕದ ಚೂರುಗಳು ಒಣಗಿ ಮೆತ್ತಿಕೊಂಡ, ಜಿಡ್ಡುಗಟ್ಟಿದ, ಕಂದು ಬಣ್ಣದ ಸೋಪು. ಅದಕ್ಕೂ ಒಂದು ಕೂದಲು ಅಂಟಿತ್ತು.

ಹೇಸಿಗೆಯಾಯಿತು. ಖಂಡಿತ ಆಯಿತು. ಆದರೂ ಬರಿಗೈಯಲ್ಲಿ ಅದನ್ನು ಬಾಚಿಕೊಂಡಳು. ಮಗಳು ತಂದ ಬೋಗುಣಿ ನೀರಿನಲ್ಲಿ ಅವನ ಬೆರಳನ್ನು ತಿಕ್ಕಿ ತೊಳೆದು, ತನ್ನ ಸೆರಗಿನಲ್ಲೇ ಒರೆಸಿ ಚುಚ್ಚಿದಳು.

52.

“ಸಕ್ಕರೆ!” ಎಂದು ಅವಳು ಕೂಗಿದಳು. ಅಮ್ಮ ಸತ್ತಂದಿನಿಂದ ಮನೆಯೊಳಗೆ ಸೇರಿಸದ ವಸ್ತುವಿಗಾಗಿ ಅವಳು ಕೂಗಿದಳು! “ಮಗಳೇ, ಒಂದು ಲೋಟ ನೀರಿಗೆ ಮೂರು ಚಮಚ ಸಕ್ಕರೆ ಪುಡಿ. ಬೇಗ!”

ಮಗಳು ಓಡಿದಳು. ಲೋಟ ಬಂತು.

“ನುಂಗೋಕೆ ಆಗುತ್ತಾ? ಎಲ್ಲಿ, ಒಂದು ಗುಟುಕು...”

ಅವನು ಮುಖ ತಿರುಗಿಸಿದ. “ಸಕ್ಕರೆ... ಬೇಡ. ನೀವು... ಬೈತೀರಿ.”

“ಬೈಯಲ್ಲ. ಕುಡೀರಿ.”

“ಸುಳ್ಳುಗಾರ... ಅಂತೀರಿ.”

“ಸುಳ್ಳುಗಾತಿ ನಾನು ಕಣ್ರೀ, ಕುಡೀರಿ ಅಂದ್ರೆ!” ಅವಳ ಕಣ್ಣೀರು ಲೋಟದೊಳಗೇ ಬಿತ್ತು.

ಅವನು ಕುಡಿದ. ಅರ್ಧ ಒಳಗೆ, ಅರ್ಧ ಗದ್ದದ ಮೇಲೆ. ಜೊಲ್ಲು ಬೆರೆತ ಸಿಹಿನೀರು ಅವಳ ಮಣಿಕಟ್ಟಿನವರೆಗೆ ಹರಿದು ಅಂಟಂಟಾಯಿತು. ಅವಳು ಒರೆಸಿಕೊಳ್ಳಲಿಲ್ಲ. ಇನ್ನೊಂದು ಲೋಟ ಕುಡಿಸಿದಳು. ಅವನ ತಲೆಯನ್ನು ಹೆಗಲಿಗಾನಿಸಿಕೊಂಡು ಕೂತಳು.

ಮೆಲ್ಲಮೆಲ್ಲಗೆ ಅವನ ನಡುಕ ನಿಂತಿತು. ತುಟಿಗೆ ಬಣ್ಣ ಬಂತು. ಕಣ್ಣು ಅವಳ ಮುಖದ ಮೇಲೆ ನೆಟ್ಟಿತು.

“ನೀವು... ನಿಜವಾಗ್ಲೂ ಇಲ್ಲಿದೀರಾ?”

“ಇದೀನಿ.”

“ಹೇಸಿಗೆ ಆಗುತ್ತೆ ಅಂದಿದ್ರಿ...”

“ತಪ್ಪು ನಿಮ್ಮ ಬಾಯಿದಲ್ಲ, ಬೆರಳಿಂದು. ಬೆರಳಿಂದೂ ಅಲ್ಲ, ನನ್ನ ಮೂಗಿಂದು! ಆ ಸೋಪನ್ನ ಮುಟ್ಟೋಕೆ ಹೇಸಿದೆ. ನಿಮ್ಮ ಕೈಗೂ ಮುಟ್ಟಿಸಲಿಲ್ಲ. ಬೆರಳಲ್ಲಿದ್ದ ಸಕ್ಕರೆ ಪುಡಿ ಮೀಟರಿಗೆ ಹೋಯ್ತು...” ಅವಳು ಕಿತ್ತಳೆ ಹಣ್ಣಿನ ಕತೆಯನ್ನೆಲ್ಲ ಬಿಕ್ಕುತ್ತಾ ಹೇಳಿದಳು. “ನೀವು ಒಂದೂ ಸುಳ್ಳು ಹೇಳಿರ್ಲಿಲ್ಲ.”

ಅವನು ತನ್ನ ತೋರುಬೆರಳನ್ನು ಕಣ್ಣ ಮುಂದೆ ತಂದು ನೋಡಿಕೊಂಡ.

“ಹಂಗಾದ್ರೆ ಸಾಬೀತಾಯ್ತು ಅನ್ನಿ.”

“ಆಯ್ತು.”

“ಲ್ಯಾಬು ನಿಮ್ಮದೇ ಅಂದಿದ್ದೆನಲ್ಲ,” ಎಂದು ಅವನು ನಕ್ಕ. ಹುಬ್ಬಿನಿಂದ ಪುಡಿ ಉದುರಿ ಅವಳ ಕೆನ್ನೆಯ ಮೇಲೆ ಬಿತ್ತು.

ಮತ್ತೆ ಬೆರಳು ತೊಳೆದು ನೋಡಿದಾಗ ಮೀಟರು 97 ತೋರಿಸಿತು. ಮಗಳು ಬಾಗಿಲ ಸಂದಿಯಿಂದ ಬ್ರೆಡ್ಡು, ಬೇಯಿಸಿದ ಮೊಟ್ಟೆ ಇದ್ದ ತಟ್ಟೆ ಚಾಚಿ, “ತಿನ್ನಿಸಿ ಟೀಚರಮ್ಮ. ನಾನು ಹೇಳಿದ್ರೆ ಅಪ್ಪ ಕೇಳಲ್ಲ,” ಎಂದಳು. ಸಿಡುಕಿನ ಜಾಗದಲ್ಲಿ ಈಗ ಬೇರೇನೋ ಇತ್ತು.

ತಿಂದ ಮೇಲೆ ಮೂವರೂ ಗಾಡಿ ಮಾಡಿಕೊಂಡು ಚಿಕಿತ್ಸಾಲಯಕ್ಕೆ ಹೋದರು. ಆ ಮಾತ್ರೆ ಮತ್ತೆ ಕೆಳಕ್ಕೆಳೆಯಬಹುದೆಂದು ವೈದ್ಯರು ಅವನನ್ನು ಮರುದಿನದವರೆಗೆ ಅಲ್ಲೇ ಇರಿಸಿಕೊಂಡರು, ಮಾತ್ರೆ ನಿಲ್ಲಿಸಿದರು. ಸಿಸ್ಟರ್ ತಲೆ ಚಚ್ಚಿಕೊಂಡಳು. “ಸೋಪು ಅಂತ ಹೇಳಿ ಹೋದೆ, ನಿಂತು ನೋಡ್ಲಿಲ್ಲ ನಾನು! ಇನ್ಮೇಲೆ ಈ ಕಣ್ಣೆದುರಿಗೇ ತೊಳೀಬೇಕು ಎಲ್ಲರೂ.”

* * *

ಮಂಗಳವಾರ. ಅದೇ ಕೋಣೆ, ಅದೇ ಎರಡು ಕುರ್ಚಿ.

ಮೂರು ತಿಂಗಳ ಸರಾಸರಿಯ ಫಲಿತಾಂಶ ಬಂದಿತ್ತು. 6.7. “ಈ ವಯಸ್ಸಿಗೆ ಇದಕ್ಕಿಂತ ಚೆನ್ನಾಗಿರೋದು ಬೇಕಿಲ್ಲ,” ಎಂದಿದ್ದರು ವೈದ್ಯರು. ಹಳೆಯ ಮಾತ್ರೆಯೊಂದೇ ಸಾಕು, ಜತೆಗೆ ತಟ್ಟೆ, ನಡಿಗೆ, ಅಷ್ಟೇ.

ಹಿಟ್ಟಪ್ಪ ಕಾಲುಚೀಲ ಕಳಚಿದ. ಮುದುಡಿದ್ದ ಪೊಟ್ಟಣದ ಮೆತ್ತನೆ ಕಾಲುಚೀಲವೇ ಅದು. ಪಾದವನ್ನು ಅವಳ ತೊಡೆಯ ಮೇಲಿಡಲು ಹೋಗಿ ತಡೆದ.

“ಬೇಡ ಅಂದ್ರೆ ಸಿಸ್ಟರಿಗೆ ಹೇಳ್ತೀನಿ, ಬೇರೆ ಜೋಡಿ ಹಾಕ್ತಾರೆ.”

ಅವಳು ಪಾದವನ್ನು ತಾನೇ ಎಳೆದುಕೊಂಡಳು. ಎರಡೂ ಅಂಗೈಯಲ್ಲಿ ಹಿಡಿದು ಬಿರುಕು ಬಿರುಕನ್ನೂ ನೋಡಿದಳು. ಅಲ್ಲಿ ಇಂದೂ ಹಿಟ್ಟಿತ್ತು. ಇಂದೂ ಹುಳಿ ವಾಸನೆಯಿತ್ತು.

“ಹೇಸಿಗೆ ಆಗ್ತಿದ್ಯಾ?” ಎಂದು ಅವನು ಮೆಲ್ಲಗೆ ಕೇಳಿದ.

“ಆಗ್ತಿದೆ.”

“ಮತ್ತೆ?”

“ಮತ್ತೇನು... ಆಗ್ಲಿ. ಈ ಹೇಸಿಗೆ ನನ್ನದು. ಬೇರೆ ಯಾರಿಗೂ ಬಿಟ್ಟುಕೊಡಲ್ಲ.”



“ಅಂದ್ರೆ... ಟೀಚರ್?”

“ಅಂಗಾಲನ್ನ ದಿನಾ ನೋಡ್ಬೇಕು ಅಂತ ಸಿಸ್ಟರ್ ಹೇಳಿಲ್ವಾ? ವಾರಕ್ಕೊಂದು ಸಲ ಸಾಲದು ಅಂತಿದೀನಿ. ಇಷ್ಟೂ ಅರ್ಥ ಆಗಲ್ವಾ ಪೆದ್ದಪ್ಪಾ?”

“ಆಯ್ತು, ಆಯ್ತು! ಒಂದು ಷರತ್ತು ಮಾತ್ರ.”

“ಏನು?”

“ಸೋರೆಕಾಯಿ ನನ್ನ ಮನೆ ಹೊಸ್ತಿಲು ದಾಟಬಾರದು.”

“ಉಪ್ಪು ಹಾಕಿದ್ರೆ?”

“ಬಂಗಾರ ಹಾಕಿದ್ರೂ!”

ಅರವತ್ತಮೂರು ವರ್ಷದ ಲ್ಯಾಬ್ ಟೀಚರ್ ಇಡೀ ಕೋಣೆಗೆ ಕೇಳುವಂತೆ ನಕ್ಕಳು. ಅತ್ತಲಿಂದ ಸಿಸ್ಟರ್ ಗದರಿದಳು. “ಅಲ್ಲಿ ಏನು ನಗು? ಬೆರಳು ಚುಚ್ಚಿದ್ರಾ? ಕೈ ತೊಳೆದ್ರಾ?”

ಇಬ್ಬರೂ ಎದ್ದು ಸಿಂಕಿನ ಬಳಿ ಹೋದರು. ಅದೇ ಹಳದಿ ಸೋಪು, ಸವೆದು ತೆಳ್ಳಗಾಗಿತ್ತು. ಅದೇ ಬಿಳಿ ಕೂದಲು.

ಅವಳು ಉಸಿರು ಬಿಗಿಹಿಡಿದು ಸೋಪನ್ನು ಎತ್ತಿಕೊಂಡಳು. “ಛೀ...” ಎಂದಳು. ಅವನ ಬೆರಳುಗಳನ್ನು ಒಂದೊಂದಾಗಿ ತನ್ನ ಬೆರಳುಗಳ ನಡುವೆ ತಿಕ್ಕಿದಳು. ನೊರೆ ಎದ್ದಿತು. ಯಾರ ಬೆರಳು ಯಾವುದೆಂದು ತಿಳಿಯದಂತಾಯಿತು.

“ಟೀಚರ್, ಸಾಕು. ಸಕ್ಕರೆ ಹೋಗಿ ಯಾವ ಕಾಲ ಆಯ್ತು.”

“ಸುಮ್ನಿರಿ. ನನ್ನ ಲ್ಯಾಬು.”

ತೊಳೆದು, ಒರೆಸಿ, ಚುಚ್ಚಿದಳು. ಕೆಂಪು ಹನಿ ಮೀಟರಿನ ಪಟ್ಟಿಗೆ ಇಳಿಯಿತು. ಇಬ್ಬರೂ ತಲೆಗೆ ತಲೆ ತಾಗಿಸಿ ಮೀಟರನ್ನೇ ನೋಡಿದರು.

134.